ಮಾರ್ಗನ್‌ಟೌನ್‌ಗೆ ಬರುತ್ತಿದ್ದೀರಾ? ಆ ಹಾಡು ಕಲಿತುಕೊಂಡೇ ಬನ್ನಿ

ಆಗಸ್ಟ್‌ನಲ್ಲಿ ಅಮೆರಿಕದ ಮಾರ್ಗನ್‌ಟೌನ್‌ನಲ್ಲಿರುವ ವೆಸ್ಟ್ ವರ್ಜೀನಿಯಾ ಯೂನಿವರ್ಸಿಟಿಗೆ ಎಂ.ಎಸ್. ಓದಲು ಬರುತ್ತಿದ್ದೀರಿ. ಚಳಿ ಹೇಗೆ, ಅಡುಗೆ ಸಾಮಾನು ಎಲ್ಲಿ ಸಿಗುತ್ತೆ, ಅಲ್ಲಿ ಎಲ್ಲರೂ ಹಾಡುವ ‘ಟೇಕ್ ಮಿ ಹೋಮ್, ಕಂಟ್ರಿ ರೋಡ್ಸ್’ ನಮಗೂ ಬರಬೇಕಾ ಅಂತ ಕೇಳಿದ್ದೀರಿ.

ಜಾಕೆಟ್ ಇಲ್ಲೇ ತೊಗೊಳ್ಳಿ, ಊರಿಂದ ಹೊತ್ತು ತರಬೇಡಿ. ಸಾರಿನ ಪುಡಿ ಮಾತ್ರ ಮನೆಯದೇ ಇರಲಿ. ಉಳಿದದ್ದಕ್ಕೆ ಹತ್ತಿರದ ಪಿಟ್ಸ್‌ಬರ್ಗ್ ನಗರ ಇದೆ. ಹೋದಾಗ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೂ ಹೋಗಿ ಬನ್ನಿ.

ಹಾಡಿನ ಬಗ್ಗೆ ಜಾಸ್ತಿ ಹೇಳಬೇಕು.

ನಾನು ಬಂದದ್ದು 2001ರಲ್ಲಿ. ಒಂದು ಶನಿವಾರ ರೂಮಿನಲ್ಲಿ ಅನ್ನಕ್ಕಿಟ್ಟಿದ್ದೆ. ಸ್ಟೇಡಿಯಂ ಕಡೆಯಿಂದ ಸಾವಿರಾರು ಜನ ಒಂದೇ ರಾಗದಲ್ಲಿ ಹಾಡುವುದು ಕೇಳಿಸಿತು. ನಮ್ಮ ಯೂನಿವರ್ಸಿಟಿಯ ಫುಟ್‌ಬಾಲ್ ತಂಡ ಗೆದ್ದರೆ ಈ ಹಾಡು ಹಾಡದೆ ಯಾರೂ ಮನೆಗೆ ಹೋಗಲ್ಲ ಅಂತ ಆಮೇಲೆ ಗೊತ್ತಾಯಿತು. ರಾಜ್ಯೋತ್ಸವದಲ್ಲಿ ‘ಹುಟ್ಟಿದರೆ ಕನ್ನಡ ನಾಡಲ್ಲಿ ಹುಟ್ಟಬೇಕು’ ಶುರುವಾದರೆ ನಾವು ಸುಮ್ನೆ ಕೂತಿರುತ್ತೀವಾ? ಹಾಗೇ ಇದು.

ಹಾಡಿದ್ದು ಜಾನ್ ಡೆನ್ವರ್, 1971ರಲ್ಲಿ. ಬಿಲ್ ಡ್ಯಾನಾಫ್, ಟ್ಯಾಫಿ ನಿವರ್ಟ್ ಅನ್ನೋ ಇಬ್ಬರು ಅರ್ಧ ಕಟ್ಟಿದ್ದನ್ನು ಡೆನ್ವರ್ ಜೊತೆ ಕೂತು ಮುಗಿಸಿದರು. ಅದು ಹೊಳೆದದ್ದು ಮೇರಿಲ್ಯಾಂಡ್‌ನ ಒಂದು ರಸ್ತೆಯಲ್ಲಿ. ಹಾಡು ಹೊಗಳುವುದು ವೆಸ್ಟ್ ವರ್ಜೀನಿಯಾವನ್ನು, ಆದರೆ ಆಗ ಆ ಇಬ್ಬರೂ ಈ ರಾಜ್ಯಕ್ಕೆ ಕಾಲೇ ಇಟ್ಟಿರಲಿಲ್ಲ. ಹಾಡಲ್ಲಿ ಬರುವ ಶೆನಂಡೋವಾ ನದಿ, ಬ್ಲೂ ರಿಡ್ಜ್ ಬೆಟ್ಟ ಹೆಚ್ಚಾಗಿ ಇರುವುದೂ ಪಕ್ಕದ ವರ್ಜೀನಿಯಾದಲ್ಲೇ. ಆದರೂ ಇಲ್ಲಿಯವರು ಅದನ್ನು ತಮ್ಮದೇ ಮಾಡಿಕೊಂಡರು. 1972ರಿಂದ ಪಂದ್ಯಗಳಲ್ಲಿ ನುಡಿಸುತ್ತಿದ್ದಾರೆ. 1980ರಲ್ಲಿ ಈ ಸ್ಟೇಡಿಯಂ ಶುರುವಾದ ದಿನ ಡೆನ್ವರ್ ತಾನೇ ಬಂದು ಹಾಡಿದ್ದ. 2014ರಲ್ಲಿ ಅದು ಅಧಿಕೃತ ನಾಡಗೀತೆಗಳಲ್ಲಿ ಒಂದಾಯಿತು.

ಯಾಕಿಷ್ಟು ಪ್ರೀತಿ ಅನ್ನುವುದು ಇಲ್ಲಿದ್ದರೆ ತಿಳಿಯುತ್ತೆ. ಕಲ್ಲಿದ್ದಲು ಗಣಿಯಲ್ಲಿ ಕೆಲಸ ಕಮ್ಮಿಯಾಗಿ, ಮಕ್ಕಳು ಹೊರರಾಜ್ಯಕ್ಕೆ ಹೋಗಿ, ಅಪ್ಪ ಅಮ್ಮ ಇಬ್ಬರೇ ಉಳಿದ ಮನೆಗಳು ತುಂಬಾ ಇವೆ. ನಮ್ಮ ಮಲೆನಾಡಿನಲ್ಲೂ ಹಾಗೇ ಅಲ್ವಾ?

2004ರ ಅಕ್ಟೋಬರ್‌ನಲ್ಲಿ ಅಮ್ಮ ಬಂದಿದ್ದಳು. ಒಂದು ಸಂಜೆ ಹಾಡು ಕೇಳಿ ಬಾಲ್ಕನಿಗೆ ಹೋದಳು. ಸೀರೆ ಮೇಲೆ ನನ್ನ ಸ್ವೆಟರ್, ಕೈ ಕಂಬಿಯ ಮೇಲೆ. “ಏನಂತ ಹಾಡ್ತಾರೋ?” ಅಂದಳು. ನಾನು ಲ್ಯಾಪ್‌ಟಾಪ್‌ನಿಂದ ತಲೆ ಎತ್ತದೆ “ಊರಿಗೆ ಕರ್ಕೊಂಡು ಹೋಗು ಅಂತ” ಅಂದೆ. ಮುಗಿಯುವ ತನಕ ಅಲ್ಲೇ ನಿಂತಿದ್ದಳು. “ಒಂದ್ಸಲ ಅಲ್ಲಿಗೇ ಹೋಗಿ ನೋಡ್ಬಹುದಾ?” ಅಂತ ಕೇಳಿದಳು. ಪಂದ್ಯದ ಟಿಕೆಟ್ ದುಬಾರಿ, ಚಳಿ ಬೇರೆ, ಮುಂದಿನ ಸಲ ಹೋಗೋಣ ಅಂದುಬಿಟ್ಟೆ.

ಊರಿಗೆ ಹೋದ ಮೇಲೂ ಫೋನಿನಲ್ಲಿ ಕೇಳೋಳು, “ಈ ವಾರ ಹಾಡಿದ್ರೇನೋ?” ಮುಂದಿನ ಸಲ ಬರಲೇ ಇಲ್ಲ. 2011ರಲ್ಲಿ ತೀರಿಕೊಂಡಳು. ಈಗಲೂ ಆ ಹಾಡಿಗೆ ಎದ್ದು ನಿಂತಾಗ ಪಕ್ಕದಲ್ಲಿ ಒಂದು ಸೀಟು ಇರಬೇಕಿತ್ತು ಅನ್ನಿಸುತ್ತೆ.

ಹಾಗಾಗಿ ನಿಮ್ಮ ತಂದೆ ತಾಯಿ ಬರುವುದಾದರೆ ಪಂದ್ಯಗಳಿರುವ ಅಕ್ಟೋಬರ್‌ಗೇ ಕರೆಸಿಕೊಳ್ಳಿ. ದಪ್ಪ ಕಾಲುಚೀಲ ಹಾಕಿಸಿ. ಪಂದ್ಯದ ಟಿಕೆಟ್‌ಗೆ ದುಡ್ಡು ಕಮ್ಮಿ ಬಿದ್ದರೆ ನನಗೆ ಹೇಳಿ, ಸಂಕೋಚ ಬೇಡ.