ಬಸ್ಸೇ ಬಾರದ ಊರಿಗೆ ಉಚಿತ ಟಿಕೆಟ್

ಪ್ರಶ್ನೆ: ನಮ್ಮದು ಜಗಳೂರು ತಾಲ್ಲೂಕಿನ ಸಣ್ಣ ಹಳ್ಳಿ. ಬೆಳಿಗ್ಗೆ ಒಂದು, ಸಂಜೆ ಒಂದು ಖಾಸಗಿ ಬಸ್ಸು ಬಿಟ್ಟರೆ ಬೇರೆ ಗತಿಯಿಲ್ಲ. ದಾವಣಗೆರೆಯಲ್ಲಿ ಓದುವ ಮಗಳು ದಿನವೂ ದುಡ್ಡು ಕೊಟ್ಟೇ ಹೋಗಬೇಕು. ಎಲ್ಲೆಡೆ ಎಲೆಕ್ಟ್ರಿಕ್ ಬಸ್ಸಿನ ಮಾತು ಕೇಳುತ್ತಿದ್ದೇವೆ. ಅದರಿಂದ ನಮ್ಮಂಥವರಿಗೇನು ಪ್ರಯೋಜನ?
– ಒಬ್ಬ ತಾಯಿ, ಜಗಳೂರು ತಾಲ್ಲೂಕು

ಉತ್ತರ: ಈಗಿನ ಏರ್ಪಾಡಿನಲ್ಲಿ ನಿಮಗೆ ನೇರ ಪ್ರಯೋಜನ ಕಡಿಮೆ, ಆದರೆ ಅದು ಹೀಗೆಯೇ ಇರಬೇಕಾಗಿಲ್ಲ. ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ಕೊಡುವ, 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಲಕ್ಷಾಂತರ ಮಹಿಳೆಯರ ಕೈಯಲ್ಲಿ ನಾಲ್ಕು ಕಾಸು ಉಳಿಸಿದೆ, ಅದನ್ನು ಹಗುರವಾಗಿ ಕಾಣಬಾರದು. ಆದರೆ ಅದು ಸರ್ಕಾರಿ ಸಾರಿಗೆ ಸಂಸ್ಥೆಗಳ ಬಸ್ಸುಗಳಿಗೆ ಮಾತ್ರ ಅನ್ವಯಿಸುವುದರಿಂದ, ಖಾಸಗಿ ಬಸ್ಸನ್ನೇ ನಂಬಿರುವ ನಿಮ್ಮಂಥ ಊರುಗಳ ಹೆಣ್ಣುಮಕ್ಕಳು ಹೊರಗುಳಿದಿದ್ದಾರೆ. ಸಂಜೆಯ ಬಸ್ಸು ತಪ್ಪೀತೆಂದು ಕೊನೆಯ ತರಗತಿ ಬಿಟ್ಟು ಓಡುವ ವಿದ್ಯಾರ್ಥಿನಿ, ಕೈಮರದಲ್ಲಿ ಕಾದು ಕಾದು ಕೊನೆಗೆ ಲಗೇಜ್ ಆಟೋದ ಕಂಬಿ ಹಿಡಿದು ನಿಂತೇ ಕೂಲಿಗೆ ಹೋಗುವ ಹೆಂಗಸು, ಇವರ ಕಷ್ಟ ಟಿಕೆಟಿನ ದರದಿಂದಷ್ಟೇ ಹುಟ್ಟಿದ್ದಲ್ಲ. ಐರೋಪ್ಯ ಒಕ್ಕೂಟವು 2023ರಲ್ಲಿ ಮಾಡಿದ ಸಾಮಾಜಿಕ ಹವಾಮಾನ ನಿಧಿಯ ಕಾನೂನು, ಪ್ರಯಾಣದ ಖರ್ಚು ಭರಿಸಲಾಗದಿರುವುದನ್ನು ಮಾತ್ರವಲ್ಲದೆ ಅಗತ್ಯ ಸೇವೆಗಳನ್ನು ತಲುಪಲು ವಾಹನವೇ ಸಿಗದಿರುವುದನ್ನೂ ಸಾರಿಗೆ ಬಡತನವೆಂದು ಪರಿಗಣಿಸುತ್ತದೆ. ಆ ಅಳತೆಯಲ್ಲಿ ನಿಮ್ಮ ಊರು ಖಂಡಿತ ಸೇರುತ್ತದೆ.

ಹವಾಮಾನದ ವಿಚಾರಕ್ಕೆ ಬರೋಣ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಲೀಟರಿಗೆ 5 ಕಿಲೋಮೀಟರ್ ಓಡುವ ಬಸ್ಸಿನಲ್ಲಿ 40 ಜನ ಕೂತರೆ, ಕಿಲೋಮೀಟರಿಗೆ ಒಬ್ಬರ ಪಾಲು 14 ಗ್ರಾಂ ಕೂಡ ಆಗುವುದಿಲ್ಲ. ಲೀಟರ್ ಪೆಟ್ರೋಲಿಗೆ 50 ಕಿಲೋಮೀಟರ್ ಓಡುವ ಬೈಕಿನಲ್ಲಿ ಒಬ್ಬರೇ ಹೋದರೆ ಅದರ ಮೂರು ಪಟ್ಟಿಗೂ ಹೆಚ್ಚು. ಹಾಗಾಗಿ ತುಂಬಿ ಓಡುವ ಹಳೆಯ ಡೀಸೆಲ್ ಬಸ್ಸು ಕೂಡ ಹವಾಮಾನಕ್ಕೆ ಹಿತವೇ. ಊರಿಗೆ ಬಸ್ಸಿಲ್ಲವೆಂದು ಮನೆಮನೆಯವರೂ ಸಾಲ ಮಾಡಿ ಬೈಕು ಕೊಳ್ಳುವಂತಾದರೆ ಬಡವರಿಗೂ ನಷ್ಟ, ಗಾಳಿಗೂ ನಷ್ಟ.

ಕೇಂದ್ರದ ಪಿಎಂ ಇ-ಬಸ್ ಸೇವಾ ಯೋಜನೆಯನ್ನು 10,000 ಬಸ್ಸುಗಳ ಗುರಿಯೊಂದಿಗೆ 3 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗಾಗಿ ರೂಪಿಸಲಾಗಿದೆ. 2011ರ ಜನಗಣತಿಯಂತೆ ದಾವಣಗೆರೆ ನಗರದ ಜನಸಂಖ್ಯೆ 4.3 ಲಕ್ಷ ದಾಟಿದ್ದರಿಂದ ನಗರ ಆ ಮಿತಿಯೊಳಗೆ ಬರುತ್ತದೆ, ಜಗಳೂರು ಬರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ನ್ಯಾಯದ ಪ್ರಶ್ನೆ ಇರುವುದು ಇಲ್ಲಿಯೇ. ನಗರದೊಳಗೆ ಎಲೆಕ್ಟ್ರಿಕ್ ಬಸ್ಸು ಓಡತೊಡಗಿದಾಗ ಬಿಡುವಾಗುವ, ಇನ್ನೂ ಗಟ್ಟಿಯಾಗಿರುವ ಡೀಸೆಲ್ ಬಸ್ಸುಗಳನ್ನು ಜಗಳೂರು, ಚನ್ನಗಿರಿ, ನ್ಯಾಮತಿಯ ಹಳ್ಳಿಗಳಿಗೆ ಬಿಡಬೇಕೆಂದು ಈಗಲೇ ಲಿಖಿತವಾಗಿ ಗೊತ್ತುಪಡಿಸಬೇಕು.

ನೀವು ಮಾಡಬಹುದಾದದ್ದೂ ಇದೆ. ಯಾವ ಹೊತ್ತಿಗೆ ಎಷ್ಟು ವಿದ್ಯಾರ್ಥಿಗಳು, ಎಷ್ಟು ಕೂಲಿಕಾರರು, ಎಷ್ಟು ರೋಗಿಗಳು ಊರಿನಿಂದ ಹೊರಡುತ್ತಾರೆಂಬುದನ್ನು ಬರೆದು, ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ, ಕೆಎಸ್‌ಆರ್‌ಟಿಸಿ ವಿಭಾಗೀಯ ನಿಯಂತ್ರಣಾಧಿಕಾರಿಗೆ ಸಲ್ಲಿಸಿ. ಖಾಸಗಿ ಬಸ್ಸುಗಳ ರಹದಾರಿ ಮತ್ತು ವೇಳಾಪಟ್ಟಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಕೈಯಲ್ಲಿರುವುದರಿಂದ, ಸಂಜೆ ಬಸ್ಸಿನ ವೇಳೆ ಬದಲಿಸುವಂತೆ ಅಲ್ಲಿಗೂ ಅದೇ ನಿರ್ಣಯದ ಪ್ರತಿಯೊಂದಿಗೆ ಅರ್ಜಿ ಕೊಡಿ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.