ಹೇಳದೆ ಹೋದೆನೆಂಬ ಕೊರಗು

ಇದು ಅಪರೂಪದ ಪ್ರಕರಣ ಅಂತ ಬರೆಯುತ್ತಿಲ್ಲ. ಆಪ್ತಸಮಾಲೋಚನೆಗೆ ನನ್ನ ಬಳಿ ಇದೇ ಕೊರಗು ಹೊತ್ತು ಬರುವ ಕ್ರೈಸ್ತರು ಜಾಸ್ತಿ. ವಯಸ್ಸು ಬೇರೆ, ಕೆಲಸ ಬೇರೆ, ಕೇಳುವ ಪ್ರಶ್ನೆ ಮಾತ್ರ ಒಂದೇ: "ನಾನು ಯೇಸುವಿನ ಸುವಾರ್ತೆ ಹೇಳದೆ ಹೋದರೆ ಅವರ ಆತ್ಮಕ್ಕೆ ನಾನೇ ಹೊಣೆ ಅಲ್ವಾ?" ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ನಡುವಯಸ್ಸಿನ ಮಹಿಳೆ. ತಮ್ಮ ಚರ್ಚಿನ ಸಭೆಯಲ್ಲಿ ಚುರುಕಾಗಿ ಓಡಾಡುವವರು. ಬೇರೆ ನಂಬಿಕೆಯ ಗೆಳತಿಯೊಬ್ಬಳು ಓದುವ ದಿನಗಳಿಂದ ಜೊತೆಗಿದ್ದಳು. ಆ ಗೆಳತಿಯ ತಾಯಿ ತೀರಿಕೊಂಡರು. ಸಾವಿನ ಮನೆಯಲ್ಲಿ ಇವರು ಅವಳ ಕೈ ಹಿಡಿದು, "ನೀನಾದರೂ ತಡ ಮಾಡಬೇಡ, ಯೇಸುವನ್ನು ನಂಬು" ಅಂದರು. ಗೆಳತಿ ಕೈ ಬಿಡಿಸಿಕೊಂಡು ಎದ್ದು ಹೋದಳು. ಆಮೇಲೆ ಇವರ ಫೋನ್ ಎತ್ತಲೇ ಇಲ್ಲ.

ಗೆಳತಿಯನ್ನು ನೋಯಿಸಿದೆ ಅಂತ ಇವರು ಕೊರಗುತ್ತಿರಲಿಲ್ಲ. ಆ ತಾಯಿ ಬದುಕಿದ್ದಾಗಲೇ ಹೇಳಲಿಲ್ಲವಲ್ಲ ಅನ್ನುವುದು ಇವರ ನಿದ್ದೆ ಕೆಡಿಸಿತ್ತು. ಪ್ರಾರ್ಥನಾ ಕೂಟವೊಂದರ ಪ್ರಸಂಗದಲ್ಲಿ, ಅಂದರೆ ಉಪದೇಶದಲ್ಲಿ, ಬೈಬಲ್‌ನ ಪ್ರವಾದಿ ಯೆಹೆಜ್ಕೇಲನ ಕಾವಲುಗಾರನ ಮಾತು ಕೇಳಿದ್ದರು. ಎಚ್ಚರಿಸದೆ ಸುಮ್ಮನಿದ್ದ ಕಾವಲುಗಾರ ಸತ್ತವನ ರಕ್ತಕ್ಕೆ ಉತ್ತರ ಕೊಡಬೇಕು ಅನ್ನುವ ಮಾತು. ಅದು ಇವರೊಳಗೆ ಇಳಿದು ಕೂತಿತ್ತು.

ಮೊದಮೊದಲು ನಮ್ಮ ಮಾತು ಎಲ್ಲಿಗೂ ಹೋಗಲಿಲ್ಲ. ಒಂದು ದಿನ ಅವರು ಫೋನ್ ತೆಗೆದು ನನ್ನ ಮುಂದೆ ಹಿಡಿದರು. "ನಾನೆಷ್ಟು ಪ್ರಯತ್ನಪಟ್ಟಿದ್ದೇನೆ, ನೀವೇ ನೋಡಿ ಮೇಡಂ."

ಓದಿ ಹೇಳಿ ಅಂದೆ. ಓದುತ್ತಾ ಹೋದರು. ಬೆಳಗಿನ ಬೈಬಲ್ ವಚನ, ಹೂವಿನ ಚಿತ್ರದ ಮೇಲೆ ಇನ್ನೊಂದು ವಚನ, ಪ್ರಸಂಗದ ವಿಡಿಯೊ, ಕೂಟಕ್ಕೆ ಕರೆ. ಗೆಳತಿ ಬರೆದದ್ದನ್ನೂ ಓದಿ ಅಂದೆ. "ಅಮ್ಮನಿಗೆ ರಾತ್ರಿಯೆಲ್ಲಾ ಉಸಿರಾಟದ ತೊಂದರೆ." ಅದರ ಕೆಳಗೆ ಇವರು ಕಳಿಸಿದ ಕೀರ್ತನೆಯ ವಚನ. "ಆಸ್ಪತ್ರೆಗೆ ಸೇರಿಸಿದ್ದೇವೆ." ಕೆಳಗೆ ಕೈ ಮುಗಿದ ಚಿತ್ರ, ಒಂದು ವಿಡಿಯೊ. "ಒಬ್ಬಳೇ ಇದ್ದೀನಿ, ಸಂಜೆ ಬರ್ತೀಯಾ?" ಕೆಳಗೆ: "ನಿನಗಾಗಿ ಪ್ರಾರ್ಥಿಸುತ್ತಿದ್ದೇನೆ."

ಅಲ್ಲಿಗೆ ನಿಲ್ಲಿಸಿದರು. ಸ್ವಲ್ಪ ಹೊತ್ತಾದ ಮೇಲೆ, "ನಾನು ಹೋಗಲಿಲ್ಲ. ಅವತ್ತು ಉಪವಾಸ ಪ್ರಾರ್ಥನೆ ಇತ್ತು. ಅವಳಮ್ಮನ ಹೆಸರನ್ನೇ ಪ್ರಾರ್ಥನೆಗೆ ಕೊಟ್ಟಿದ್ದೆ" ಅಂದರು.

ಸಾವಿನ ಬಗ್ಗೆ ನಿಮ್ಮ ಗೆಳತಿ ಏನು ನಂಬುತ್ತಾರೆ ಅಂತ ಕೇಳಿದೆ. "ಕೇಳಿಲ್ಲ." ಅವರಮ್ಮ? "ಗೊತ್ತಿಲ್ಲ ಮೇಡಂ."

ಆಮೇಲೆ ಯೆಹೆಜ್ಕೇಲನ 3ನೇ ಅಧ್ಯಾಯ ತೆರೆಯಿರಿ ಅಂದೆ. ಕಾವಲುಗಾರನ ಮಾತು ಶುರುವಾಗುವುದು 17ನೇ ವಚನದಲ್ಲಿ. ಅದಕ್ಕೂ ಎರಡು ವಚನ ಮೇಲೆ ಏನಿದೆ? ಕೆಬಾರ್ ನದಿಯ ಹತ್ತಿರ ಸೆರೆಯಾಗಿದ್ದ ತನ್ನ ಜನರ ಬಳಿಗೆ ಪ್ರವಾದಿ ಹೋಗುತ್ತಾನೆ. ಅವರು ಕೂತಲ್ಲೇ ತಾನೂ ಕೂರುತ್ತಾನೆ, ಏಳು ದಿನ, ಸ್ತಬ್ಧನಾಗಿ. ಆ ಏಳು ದಿನ ಕಳೆದ ಮೇಲೆಯೇ "ನಿನ್ನನ್ನು ಕಾವಲುಗಾರನನ್ನಾಗಿ ನೇಮಿಸಿದ್ದೇನೆ" ಎಂಬ ಮಾತು ಬರುವುದು. ಪ್ರಸಂಗದಲ್ಲಿ ಈ ಭಾಗ ಬಂದಿರಲಿಲ್ಲವಂತೆ. ಬರುವುದು ಕಡಿಮೆಯೇ ಬಿಡಿ. (ಬೈಬಲ್‌ನಲ್ಲೇ, ಎಲ್ಲ ಕಳೆದುಕೊಂಡು ಕೂತ ಯೋಬನ ಸ್ನೇಹಿತರೂ ಏಳು ದಿನ ಬಾಯಿ ಮುಚ್ಚಿ ಅವನ ಜೊತೆ ನೆಲದ ಮೇಲೆ ಕೂತರು. ಅವರು ಕೆಟ್ಟದ್ದು ಬಾಯಿ ತೆರೆದ ಮೇಲೆ.)

ಅದೇ ಭಾಗದಲ್ಲಿ ಇನ್ನೊಂದೂ ಇದೆ. ಎಚ್ಚರಿಸಿದ ಮೇಲೂ ಕೇಳದಿದ್ದರೆ ಕಾವಲುಗಾರನ ಮೇಲೆ ಹೊರೆ ಇಲ್ಲ. ಅಂದರೆ ಫಲಿತಾಂಶ ಅವನ ಕೈಯಲ್ಲಿ ಎಂದೂ ಇರಲಿಲ್ಲ. ಅಪೊಸ್ತಲ ಪೌಲನೂ ಕೊರಿಂಥದ ಸಭೆಯವರಿಗೆ ಹೇಳಿದ್ದು ಇದನ್ನೇ: ನಾನು ನೆಟ್ಟೆ, ಜೊತೆ ಸೇವಕ ಅಪೊಲ್ಲೋಸ ನೀರು ಹಾಕಿದ, ಬೆಳೆಸಿದ್ದು ದೇವರು. ಆ ತಾಯಿಯ ಕೊನೆಯ ತೀರ್ಪನ್ನು ತಲೆ ಮೇಲೆ ಹೊತ್ತುಕೊಳ್ಳಿ ಅಂತ ಇವರನ್ನು ಯಾರೂ ಕೇಳಿರಲಿಲ್ಲ.

ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ಗೆಳತಿಗೆ ಪತ್ರ ಬರೆದು ಕ್ಷಮೆ ಕೇಳಿ, ಆ ಪತ್ರದಲ್ಲಿ ವಚನ ಬೇಡ. ಆಸ್ಪತ್ರೆಗೆ ಬರದಿದ್ದಕ್ಕೆ ಕೇಳಿ, ಸಾವಿನ ಮನೆಯ ಮಾತಿಗೂ ಕೇಳಿ. "ಆದರೆ" ಅಂತ ಏನನ್ನೂ ಸೇರಿಸಬೇಡಿ. ದಿನಾ ವಚನ ಕಳಿಸುವುದನ್ನು ನಿಲ್ಲಿಸಿ. ಮುಂದೆ ಎಂದಾದರೂ ಅವರೇ ಕೇಳಿದರೆ ನಿಮ್ಮ ಬದುಕಿನಲ್ಲಿ ಯೇಸು ಯಾರು ಅನ್ನುವುದನ್ನು ನಿಮ್ಮ ಮಾತಲ್ಲೇ ಹೇಳಿ, ಮುಚ್ಚಿಡಬೇಡಿ. ಅದಕ್ಕೂ ಮೊದಲು ಅವರ ನಂಬಿಕೆ ಏನು ಅಂತ ಕೇಳಿ, ಉತ್ತರ ಪೂರ್ತಿ ಕೇಳಿಸಿಕೊಳ್ಳಿ. ಬೇಡ ಅಂದರೆ ಸ್ನೇಹ ಮುಗಿಯಬಾರದು. ಎಲ್ಲ ಮಾರಿ ನನ್ನ ಹಿಂದೆ ಬಾ ಅಂದ ಮಾತಿಗೆ ಆಸ್ತಿವಂತ ಯುವಕ ಬೆನ್ನು ತಿರುಗಿಸಿ ಹೋದಾಗ ಯೇಸು ಅವನ ಹಿಂದೆ ಓಡಲಿಲ್ಲ. ಅವನನ್ನು ಪ್ರೀತಿಸಿದನು ಅಂತಲೂ ಯೇಸುವಿನ ಕಥೆ ಬರೆದ ಮಾರ್ಕ ಬರೆದಿದ್ದಾನೆ.

ಈ ಸಲಹೆಗೆ ನನಗೆ ಎರಡೂ ಕಡೆಯಿಂದ ಮಾತು ಬರುತ್ತದೆ. ನನ್ನ ವೃತ್ತಿಯಲ್ಲಿರುವ ಕೆಲವರು, ನಂಬಿಕೆ ಖಾಸಗಿ ವಿಷಯ, ಹೇಳುವುದನ್ನೇ ಬಿಡಿ ಅನ್ನಬೇಕಿತ್ತು ಅನ್ನುತ್ತಾರೆ. ನನಗೆ ಒಪ್ಪಿಗೆ ಇಲ್ಲ. ತನ್ನ ನಂಬಿಕೆಯನ್ನು ಹೊರಗೆ ತೋರುವುದು, ಬದಲಿಸುವುದು ಎರಡೂ 1948ರ ಮಾನವ ಹಕ್ಕುಗಳ ಘೋಷಣೆಯ 18ನೇ ವಿಧಿಯಲ್ಲಿವೆ. ಇವರ ಪಾಲಿಗೆ ಅತಿ ಮುಖ್ಯವಾದದ್ದನ್ನು ಅತಿ ಹತ್ತಿರದವಳಿಂದ ಬಚ್ಚಿಡಿ ಅಂದರೆ ಅದು ಯಾವ ಸ್ನೇಹ? ಸಭೆಯ ಕೆಲವರದು ಇನ್ನೊಂದು ದೂರು: ನಾನು ಸುವಾರ್ತೆಯನ್ನು ನೀರು ಮಾಡುತ್ತಿದ್ದೇನಂತೆ. ಅವರಿಗೆ ಪೇತ್ರನ ಮೊದಲ ಪತ್ರದ 3:15 ತೋರಿಸುತ್ತೇನೆ. ಉತ್ತರ ಹೇಳಲು ಸದಾ ಸಿದ್ಧರಾಗಿರಿ ಅಂತ ಇದೆ. ಉತ್ತರ ಅಂದರೆ ಯಾರೋ ಕೇಳಿರಬೇಕು. ಸೌಮ್ಯವಾಗಿ, ಗೌರವದಿಂದ ಅಂತಲೂ ಅಲ್ಲೇ ಇದೆ. 2011ರಲ್ಲಿ ವ್ಯಾಟಿಕನ್‌ನ ಅಂತರ್‌ಧರ್ಮೀಯ ಸಂವಾದ ಮಂಡಳಿ, ವಿಶ್ವ ಚರ್ಚುಗಳ ಮಂಡಳಿ, ವಿಶ್ವ ಇವಾಂಜೆಲಿಕಲ್ ಒಕ್ಕೂಟ ಮೂರೂ ಸೇರಿ ಕ್ರೈಸ್ತ ಸಾಕ್ಷಿಯ, ಅಂದರೆ ತಮ್ಮ ನಂಬಿಕೆಯನ್ನು ಬೇರೆಯವರಿಗೆ ಹೇಳುವುದರ ಬಗ್ಗೆ ಒಂದು ಮಾರ್ಗಸೂಚಿ ತಂದವು. ಸುಲಭಕ್ಕೆ ಒಂದಾಗುವ ಗುಂಪುಗಳಲ್ಲ ಇವು. ಸಾಕ್ಷಿ ಹೇಳುವುದು ಕರ್ತವ್ಯ ಅಂತಲೇ ಅದು ಶುರುವಾಗುತ್ತದೆ. ಜನರ ಬಡತನ, ಅಗತ್ಯಗಳನ್ನು ಬಳಸಿಕೊಳ್ಳುವುದು ಸಲ್ಲದು, ಮನಸ್ಸು ಬದಲಿಸುವುದು ಪವಿತ್ರಾತ್ಮನ ಕೆಲಸ ಅಂತಲೂ ಹೇಳುತ್ತದೆ. ದುಃಖದಲ್ಲಿ ಕುಗ್ಗಿದವಳನ್ನು ಆ ಗಳಿಗೆಯಲ್ಲೇ ಒತ್ತಾಯಿಸುವುದನ್ನೂ ನಾನು ಈ ಸಾಲಿಗೇ ಸೇರಿಸುತ್ತೇನೆ. ಸೋತ ಮನಸ್ಸು "ಹೂಂ" ಅಂದರೆ ಅದು ನಂಬಿಕೆಯಾಗುವುದಿಲ್ಲ.

ಪತ್ರ ಬರೆಯುವುದು ಇವರಿಗೆ ಸುಲಭವಾಗಲಿಲ್ಲ. ಮೊದಲ ಕರಡಿನ ಕೊನೆಯಲ್ಲಿ, ದೇವರು ಲೋಕವನ್ನು ಪ್ರೀತಿಸಿ ತನ್ನ ಮಗನನ್ನು ಕೊಟ್ಟನು ಅನ್ನುವ ವಚನ, ಯೋಹಾನ 3:16 ಇತ್ತು. ಎರಡನೆಯದರಲ್ಲಿ "ದೇವರು ನಿನ್ನನ್ನು ಕರೆಯುತ್ತಿದ್ದಾನೆ" ಅಂತ ಇತ್ತು. ಅದನ್ನೂ ಹೊಡೆದು ಕಳಿಸಿದರು. ತುಂಬಾ ದಿನಗಳ ಮೇಲೆ ಉತ್ತರ ಬಂತು: ಬಾ, ಮಾತಾಡೋಣ, ಬೈಬಲ್ ವಿಷಯ ಮಾತ್ರ ಸದ್ಯಕ್ಕೆ ಬೇಡ. ಇವರು ಹೋದರು, ಆ ತಾಯಿಯ ಬಗ್ಗೆ ಗೆಳತಿ ಹೇಳಿದ್ದನ್ನೆಲ್ಲ ಕೇಳಿ ಬಂದರು. ಈಗ ನಿದ್ದೆ ಪರವಾಗಿಲ್ಲ. ಆದರೂ "ಸದ್ಯಕ್ಕೆ ಅಂದರೆ ಎಷ್ಟು ದಿನ ಮೇಡಂ?" ಅಂತ ನನ್ನನ್ನೇ ಕೇಳುತ್ತಾರೆ. ಅದನ್ನು ನಿಮ್ಮ ಗೆಳತಿ ಹೇಳಬೇಕು ಅಂದಿದ್ದೇನೆ. ಒಪ್ಪಿದ್ದಾರೆ, ಪೂರ್ತಿ ಮನಸ್ಸಿನಿಂದೇನಲ್ಲ.