‘ನಾವು ಮಲಯರು, ನಮಗೆ ಲೆಕ್ಕ ಬರಲ್ಲ’

ಪ್ರಶ್ನೆ: ನಾನು ದಾವಣಗೆರೆಯ ಮುಸ್ಲಿಂ ಕುಟುಂಬದವಳು. ಮಲೇಷ್ಯಾದ ಬಹುಸಂಖ್ಯಾತರಾದ ಮಲಯ ಜನಾಂಗದ ಹುಡುಗನನ್ನು ಮದುವೆಯಾಗಿ ಅಲ್ಲಿನ ಶಾ ಆಲಂನಲ್ಲಿದ್ದೇನೆ. ಗಂಡ, ಭಾವ, ಅತ್ತೆ ಎಲ್ಲರೂ ಒಳ್ಳೆಯವರೇ. ಆದರೆ ಮಾತಿಗೆ ಕೂತರೆ ಸಾಕು, ತಮ್ಮ ಜನರನ್ನೇ ಬೈಯುತ್ತಾರೆ. ಮಲಯರು ಸೋಮಾರಿಗಳು, ಒಬ್ಬ ಮೇಲೆ ಬಂದರೆ ಇನ್ನೊಬ್ಬನಿಗೆ ಹೊಟ್ಟೆಕಿಚ್ಚು, ಸರ್ಕಾರ ಕೊಟ್ಟಿದ್ದರಲ್ಲೇ ಬದುಕುವವರು ಅಂತ. ಯಾರಾದರೂ ತಡವಾಗಿ ಬಂದರೆ ‘ಜಾಂಜಿ ಮಲಾಯು’, ಮಲಯರ ಮಾತು ಇಷ್ಟೇ ಅಂತ ನಗುತ್ತಾರೆ. ಮೊನ್ನೆ ಹತ್ತು ವರ್ಷದ ಮಗ ಲೆಕ್ಕದ ಪುಸ್ತಕ ಪಕ್ಕಕ್ಕೆ ತಳ್ಳಿ, ‘ನಾವು ಮಲಯರಲ್ವಾ ಅಮ್ಮಿ, ನಮಗೆ ಲೆಕ್ಕ ಬರಲ್ಲ’ ಅಂದ. ಹೊರಗಿನಿಂದ ಬಂದ ನಾನು ಮಾತಾಡಿದರೆ ತಪ್ಪಾಗುತ್ತದಾ?

ಉತ್ತರ: ಮಾತಾಡಿ. ಹೊರಗಿನವರು ಅನ್ನೋ ಅಳುಕು ಬೇಡ, ನೀವು ಆ ಹುಡುಗನ ತಾಯಿ. ಆದರೆ ಎಲ್ಲರೂ ಊಟಕ್ಕೆ ಕೂತಾಗ ಬೇಡ. ಗಂಡ ಒಬ್ಬರೇ ಇದ್ದಾಗ, ಮಗ ಹೇಳಿದ್ದನ್ನು ಹಾಗೆಯೇ ಹೇಳಿ. ಅದಕ್ಕೆ ಏನೂ ಸೇರಿಸಬೇಡಿ. ತಮ್ಮ ಮಾತು ಮಗನ ಬಾಯಲ್ಲಿ ಹೇಗೆ ಕೇಳಿಸುತ್ತದೆ ಅಂತ ಅವರಿಗೆ ಗೊತ್ತೇ ಇಲ್ಲದಿರಬಹುದು.

ಈ ಮಾತು ನಿಮ್ಮ ಅತ್ತೆಮನೆಯಲ್ಲಿ ಹುಟ್ಟಿದ್ದಲ್ಲ. ಬ್ರಿಟಿಷರ ಆಳ್ವಿಕೆಯಲ್ಲಿ ತವರದ ಗಣಿಗೆ, ರಬ್ಬರ್ ತೋಟಕ್ಕೆ ಕೂಲಿಗಳು ಬೇಕಾದಾಗ ಹೆಚ್ಚಿನ ಮಲಯರು ಹೋಗಲಿಲ್ಲ. ಯಾಕೆ ಹೋಗಬೇಕಿತ್ತು? ಅವರಿಗೆ ಗದ್ದೆಯಿತ್ತು, ಮೀನಿತ್ತು. ಗಣಿಯಲ್ಲಿ ಚೀನಾದವರು, ತೋಟದಲ್ಲಿ ಹೆಚ್ಚಾಗಿ ತಮಿಳರು ಬೆವರು ಸುರಿಸಿದರು, ಬ್ರಿಟಿಷರ ಕೂಲಿ ಒಪ್ಪದವರಿಗೆ ಸೋಮಾರಿ ಅಂತ ಹೆಸರು ಬಿತ್ತು. ಅದೇ ಮಲಯ ರೈತರು ರಬ್ಬರಿಗೆ ಬೆಲೆಯಿದೆ ಅಂತ ಗೊತ್ತಾದ ಕೂಡಲೇ ತಾವೇ ನೆಡೋಕೆ ಶುರು ಮಾಡಿದರು. ಆಗ, 1917ರಲ್ಲಿ, ಭತ್ತದ ಗದ್ದೆಯಲ್ಲಿ ಬೇರೆ ಬೆಳೆ ಬೆಳೆಯಬಾರದು ಅಂತ ಕಾನೂನು ಬಂತು. ಸುಮ್ನೆ ಕೂತವರನ್ನು ತಡೆಯೋಕೆ ಯಾರೂ ಕಾನೂನು ಮಾಡುವುದಿಲ್ಲ. ಶಾಲೆಗಳಲ್ಲೂ ಹಾಗೆಯೇ. ರೈತನ ಮಗ ಅಪ್ಪನಿಗಿಂತ ಸ್ವಲ್ಪ ತಿಳಿದ ರೈತನಾದರೆ ಸಾಕು ಅನ್ನೋದೇ ಆಗಿನ ಸರ್ಕಾರದ ನೀತಿ. ಮಕ್ಕಳಿಗೆ ಬುಟ್ಟಿ ಹೆಣೆಯೋದು, ತೋಟದ ಕೆಲಸ ಕಲಿಸುತ್ತಿದ್ದರು. ಆಮೇಲೆ ‘ಓದಿನಲ್ಲಿ ಹಿಂದೆ’ ಅಂದರು. ನಿಮ್ಮ ಮಗನ ಬಾಯಲ್ಲಿ ಬಂದದ್ದು ಇದೇ ಹಳೇ ಮಾತು.

ಸ್ವಾತಂತ್ರ್ಯ ಬಂದ ಮೇಲೂ ಇದು ಹೋಗಲಿಲ್ಲ, ನನಗೆ ಜಾಸ್ತಿ ನೋವಾಗುವುದು ಅದಕ್ಕೇ. ಮುಂದೆ ಪ್ರಧಾನಿಯಾದ ಮಹಾತಿರ್ 1970ರಲ್ಲಿ ಬರೆದ ಪುಸ್ತಕದಲ್ಲಿ, ಮಲಯರದೇ ಪಕ್ಷವಾದ ಅಮ್ನೋ 1971ರಲ್ಲಿ ತಂದ ಪುಸ್ತಕದಲ್ಲಿ ಮಲಯರ ಕೊರತೆಗಳನ್ನು ಮಲಯ ನಾಯಕರೇ ಎಣಿಸಿದರು. ಸೈಯದ್ ಹುಸೇನ್ ಅಲತಾಸ್ ಅನ್ನೋ ಸಮಾಜಶಾಸ್ತ್ರಜ್ಞರು 1977ರಲ್ಲಿ ಈ ಸೋಮಾರಿತನದ ಕಥೆ ವಸಾಹತು ದೊರೆಗಳಿಗೆ ಎಷ್ಟು ಉಪಯೋಗಕ್ಕೆ ಬಂತು ಅಂತ ಬಿಡಿಸಿ ಬರೆದರು. ಅದನ್ನೇ ಮತ್ತೆ ಹೇಳಿದ ತಮ್ಮವರನ್ನೂ ಬಿಡಲಿಲ್ಲ. ನಿಮ್ಮ ಗಂಡನಿಗೆ ಓದುವ ಅಭ್ಯಾಸ ಇದ್ದರೆ ಆ ಪುಸ್ತಕ ತಂದುಕೊಡಿ.

ಹಾಗಂತ ಅವರು ತಮ್ಮವರನ್ನು ಟೀಕಿಸಲೇಬಾರದು ಅಂತಲ್ಲ. 1920ರ ದಶಕದಲ್ಲಿ ಜಾಬಾ ಅನ್ನೋ ವಿದ್ವಾಂಸರು ಮಲಯರ ಬಡತನದ ಬಗ್ಗೆ ತುಂಬಾ ಖಾರವಾಗಿ ಬರೆದರು. ಜೊತೆಗೆ ಮಲಯ ಭಾಷೆಯ ವ್ಯಾಕರಣ ಕಟ್ಟಲು, ಓದು ಹರಡಲು ಜೀವ ತೇದರು. 1971ರಿಂದ ಮಲಯರಿಗಾಗಿ ಬಂದ ಮೀಸಲಾತಿ ನೀತಿ ಬಗ್ಗೆ ಗಂಡನಿಗೆ ಸಿಟ್ಟಿದ್ದರೆ ಆ ನೀತಿಯನ್ನು ಬೈಯಲಿ. ಸರ್ಕಾರದ ಗುತ್ತಿಗೆ ಯಾರ ಪಾಲಾಯಿತು ಅಂತ ಕೇಳಲಿ. ಭಾವ ತಡವಾಗಿ ಬಂದರೆ ಭಾವನನ್ನೇ ಕೇಳಲಿ, ಅದಕ್ಕೆ ಇಡೀ ಜನಾಂಗವನ್ನು ಯಾಕೆ ಎಳೆಯಬೇಕು? ಮಗುವಿನ ಮುಂದೆ ಇಷ್ಟು ಮಾತ್ರ ಪಾಲಿಸಿ ಅಂತ ಗಂಡನನ್ನು ಗಟ್ಟಿಯಾಗಿ ಕೇಳಿ.

ನಿಮಗೂ ಒಂದು ಮಾತು. ಅವರು ನಕ್ಕಾಗ ನೀವು ಜೊತೆಗೆ ನಗಬೇಡಿ, ಕೋಪದಲ್ಲಿ ಆ ಮಾತನ್ನು ಗಂಡನ ಮೇಲೆ ಎಸೆಯಲೂಬೇಡಿ. ಅವರ ಬಾಯಲ್ಲಿ ಬೇಸರ ಅನ್ನಿಸುವುದು ನಿಮ್ಮ ಬಾಯಲ್ಲಿ ಅವಮಾನ ಆಗುತ್ತದೆ. ದಾವಣಗೆರೆಗೆ ಫೋನ್ ಮಾಡಿದಾಗಲೂ ಅಷ್ಟೇ. ಮಗ ಪಕ್ಕದಲ್ಲೇ ಇರುತ್ತಾನೆ.

ಇನ್ನು ಲೆಕ್ಕ. ಅದು ಬೇರೆಯೇ ಸಮಸ್ಯೆ, ಬೇರೆಯಾಗಿಯೇ ನೋಡಿ. ಎಲ್ಲಿ ಸಿಕ್ಕಿಕೊಂಡಿದ್ದಾನೆ, ಭಿನ್ನರಾಶಿಯಲ್ಲಾ ಭಾಗಾಕಾರದಲ್ಲಾ? ಟೀಚರನ್ನು ಹೋಗಿ ಕಾಣಿ, ತರಗತಿಯಲ್ಲೂ ಯಾರಾದರೂ ಹಾಗೆ ಅಂದಿದ್ದಾರಾ ಕೇಳಿ. ಗಗನಯಾತ್ರಿಯಾದ ಮಲಯ ವೈದ್ಯರ ಕಥೆ ಹೇಳಬಹುದು, 2007ರಲ್ಲಿ ಶೇಖ್ ಮುಸಾಫರ್ ಬಾಹ್ಯಾಕಾಶಕ್ಕೆ ಹೋಗಿದ್ದರು, ಆದರೆ ಹತ್ತು ವರ್ಷದವನಿಗೆ ಅದು ತುಂಬಾ ದೂರ. ರಜೆಯಲ್ಲಿ ಕೆಲಾಂತಾನ್ ರಾಜ್ಯಕ್ಕೆ ಕರೆದುಕೊಂಡು ಹೋಗಿ. ಅದರ ರಾಜಧಾನಿ ಕೋತಾ ಭಾರುವಿನ ಸಿತಿ ಖದೀಜಾ ಮಾರುಕಟ್ಟೆಯಲ್ಲಿ ಹೆಚ್ಚಿನ ಅಂಗಡಿಗಳನ್ನು ನಡೆಸುವವರು ಮಲಯ ಹೆಂಗಸರೇ. ಅಲ್ಲಿ ಅವನ ಕೈಗೆ ದುಡ್ಡು ಕೊಟ್ಟು ನಾಲ್ಕೈದು ಸಾಮಾನು ತರಲು ಹೇಳಿ, ಚಿಲ್ಲರೆ ಎಷ್ಟು ಬರಬೇಕು ಅಂತ ಅಂಗಡಿಯಾಕೆಗಿಂತ ಮೊದಲು ಅವನೇ ಹೇಳಲಿ.